ಫೋಲ್ಡರ್‌ವಾರು ಹೆಡರ್: ವೆಬ್ ಟೆಂಪ್ಲೇಟ್‌ಗಳ ಒಂದು ತಂತ್ರ, ಮುಂಬಯಿಯ ಜಾಲತಾಣಗಳ ಹಿನ್ನೆಲೆಯಲ್ಲಿ

ಫೋಲ್ಡರ್‌ವಾರು ಹೆಡರ್: ಒಂದೇ ಟೆಂಪ್ಲೇಟಿನಿಂದ ತಯಾರಾಗುವ ಜಾಲತಾಣದಲ್ಲಿ, ಪುಟ ಯಾವ ಫೋಲ್ಡರಿಗೆ ಸೇರಿದೆ ಎಂದು ನೋಡಿ ಅದರ ಮೇಲ್ಭಾಗದ ಪಟ್ಟಿಯನ್ನು ಬದಲಿಸುವ ವಿಧಾನ. ಲೋಗೊ, ಸಂಸ್ಥೆಯ ಹೆಸರು, ಮೆನು, ಭಾಷೆ ಬದಲಿಸುವ ಗುಂಡಿ, ಹುಡುಕುವ ಪೆಟ್ಟಿಗೆ ಇವೆಲ್ಲ ಸಾಮಾನ್ಯವಾಗಿ ಹೆಡರಿನಲ್ಲಿ ಇರುತ್ತವೆ. ಇಡೀ ಸೈಟಿಗೆ ಒಂದೇ ಹೆಡರ್ ಸಾಲದಾದಾಗ ಪ್ರತಿ ವಿಭಾಗಕ್ಕೂ ಬೇರೆ ಟೆಂಪ್ಲೇಟ್ ಬರೆಯುವುದು ಒಂದು ದಾರಿ. ಟೆಂಪ್ಲೇಟ್ ಒಂದನ್ನೇ ಉಳಿಸಿಕೊಂಡು, ಅದರೊಳಗೆ 'ವಿಳಾಸ ಹೀಗಿದ್ದರೆ ಈ ಹೆಡರ್, ಇಲ್ಲದಿದ್ದರೆ ಆ ಹೆಡರ್' ಎಂಬ ಷರತ್ತು ಇಡುವುದು ಇನ್ನೊಂದು. ಈ ಲೇಖನ ಎರಡನೆಯ ದಾರಿಯ ಕುರಿತದ್ದು.

ಆಡಳಿತದ ಗೆರೆಗಳು ಒಂದರ ಮೇಲೊಂದು ಹಾಯ್ದುಹೋಗುವ ಮುಂಬಯಿಯಂಥ ನಗರದಲ್ಲಿ ಈ ತಂತ್ರದ ಅನುಕೂಲವೂ ತೊಡಕೂ ಎದ್ದು ಕಾಣುತ್ತವೆ. ನಗರಕ್ಕೆ ಎರಡು ಜಿಲ್ಲೆಗಳು, ಒಂದು ಮಹಾನಗರಪಾಲಿಕೆ, ಅಕ್ಷರಗಳ ಹೆಸರಿನ ವಾರ್ಡ್‌ಗಳು, ಎರಡು ರೈಲ್ವೆ ವಲಯಗಳು. ಇವುಗಳ ಸೈಟ್‌ಗಳಲ್ಲಿ ಪುಟದ ನೆತ್ತಿಯ ಮೇಲೆ ಯಾರ ಹೆಸರಿರಬೇಕು ಎಂಬುದು ಅಲಂಕಾರಕ್ಕಿಂತ ಹೆಚ್ಚಾಗಿ ಜವಾಬ್ದಾರಿಯ ಪ್ರಶ್ನೆ. ಷರತ್ತಿನ ಸಾಲು ಬರೆಯಲು ಐದು ನಿಮಿಷ ಸಾಕು. ಯಾವುದನ್ನು ಫೋಲ್ಡರ್ ಮಾಡಬೇಕು ಎಂಬ ತೀರ್ಮಾನ ಮಾತ್ರ ವರ್ಷಗಟ್ಟಲೆ ಕಾಡುತ್ತದೆ.

ಹಿನ್ನೆಲೆ

ಪುಟದ ಜಾಗವನ್ನು ನೋಡಿ ತಲೆಬರಹ ಬದಲಾಗುವ ಪದ್ಧತಿ ವೆಬ್‌ಗಿಂತ ಬಹಳ ಹಳೆಯದು. ಅಚ್ಚಿನ ಪುಸ್ತಕಗಳಲ್ಲಿ ಎಡಪುಟದ ಮೇಲೆ ಪುಸ್ತಕದ ಹೆಸರು, ಬಲಪುಟದ ಮೇಲೆ ಅಧ್ಯಾಯದ ಹೆಸರು ಬರುವುದುಂಟು. ನಿಘಂಟುಗಳಲ್ಲಿ ಆ ಪುಟದ ಮೊದಲ ಮತ್ತು ಕೊನೆಯ ಪದಗಳು ನೆತ್ತಿಯ ಮೇಲೆ ಅಚ್ಚಾಗುತ್ತವೆ. ಮೊಳೆ ಜೋಡಿಸುವವರು ಕೈಯಿಂದ ಮಾಡುತ್ತಿದ್ದ ಈ ಕೆಲಸವನ್ನೇ ಟೆಂಪ್ಲೇಟ್ ವ್ಯವಸ್ಥೆ ನಿಯಮಕ್ಕೆ ಒಪ್ಪಿಸುತ್ತದೆ.

ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಸೇವೆ ಶುರುವಾದದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಮೊದಲ ಹಂತದ ನಗರಗಳಲ್ಲಿ ಮುಂಬಯಿ ಒಂದು. ಅದಕ್ಕೂ ಮುಂಚೆ ಜುಹೂವಿನ ನ್ಯಾಷನಲ್ ಸೆಂಟರ್ ಫಾರ್ ಸಾಫ್ಟ್‌ವೇರ್ ಟೆಕ್ನಾಲಜಿ ಮತ್ತು ಪೊವಾಯಿಯ ಐಐಟಿ, ಎರ್ನೆಟ್ ಜಾಲದ ಮೂಲಕ ವಿದ್ಯಾಸಂಸ್ಥೆಗಳ ಮಟ್ಟಿಗೆ ಇಂಟರ್‌ನೆಟ್ ಬಳಸುತ್ತಿದ್ದವು. ಆ ಕಾಲದ ವೆಬ್ ಪುಟಗಳಲ್ಲಿ ಹೆಡರ್ ಎಂದರೆ ಪ್ರತಿ ಫೈಲಿನಲ್ಲೂ ಅಂಟಿಸಿದ ಅದೇ ಹತ್ತಿಪ್ಪತ್ತು ಸಾಲು. ಒಂದು ಹೆಸರು ಬದಲಾದರೆ ಎಲ್ಲ ಫೈಲುಗಳನ್ನೂ ತೆರೆದು ತಿದ್ದಬೇಕಿತ್ತು.

ಮುಂಬಯಿಯಲ್ಲಿ ಹೆಸರು ಬದಲಾಗುವುದು ಅಪರೂಪವಲ್ಲ. 1995ರಲ್ಲಿ ಬಾಂಬೆ ಅಧಿಕೃತವಾಗಿ ಮುಂಬಯಿ ಆಯಿತು. 1996ರಲ್ಲಿ ವಿಶ್ವವಿದ್ಯಾಲಯದ ಹೆಸರು ಬದಲಾಯಿತು. ಅದೇ ವರ್ಷ ವಿಕ್ಟೋರಿಯಾ ಟರ್ಮಿನಸ್ ಛತ್ರಪತಿ ಶಿವಾಜಿ ಟರ್ಮಿನಸ್ ಆಯಿತು, 2017ರಲ್ಲಿ ಅದಕ್ಕೆ 'ಮಹಾರಾಜ್' ಸೇರಿತು. 2018ರಲ್ಲಿ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣ ಪ್ರಭಾದೇವಿ ಆಯಿತು. ಹೆಸರು ಒಂದೇ ಕಡೆ ಇದ್ದರೆ ಒಂದೇ ಸಲ ತಿದ್ದಿದರೆ ಮುಗಿಯುತ್ತದೆ. ಹಂಚಿಕೊಂಡ ಹೆಡರ್ ಫೈಲ್ ಹುಟ್ಟಿದ್ದು ಇಂಥ ಬೇಸರದಿಂದಲೇ.

ಮೊದಲ ಪರಿಹಾರಗಳಲ್ಲಿ ಒಂದು 'ಫ್ರೇಮ್'. ನೆಟ್‌ಸ್ಕೇಪ್ ನ್ಯಾವಿಗೇಟರ್‌ನ 2.0 ಆವೃತ್ತಿಯಿಂದ ಅದು ಬಳಕೆಗೆ ಬಂತು. ಪರದೆಯ ಮೇಲ್ಭಾಗದಲ್ಲಿ ಒಂದು ಫೈಲ್ ಹಾಗೇ ನಿಂತಿರುತ್ತದೆ, ಕೆಳಗಿನ ಭಾಗ ಮಾತ್ರ ಬದಲಾಗುತ್ತದೆ. ಆದರೆ ಒಳಪುಟವನ್ನು ಬುಕ್‌ಮಾರ್ಕ್ ಮಾಡಲು ಆಗುತ್ತಿರಲಿಲ್ಲ. ಹುಡುಕು ಯಂತ್ರದಿಂದ ನೇರ ಬಂದ ಓದುಗನಿಗೆ ಹೆಡರ್ ಇಲ್ಲದ ಬೋಳು ಪುಟ ಸಿಗುತ್ತಿತ್ತು. ಎಚ್‌ಟಿಎಂಎಲ್ 5 ಈ ಫ್ರೇಮ್‌ಸೆಟ್ ಅನ್ನು ಕೈಬಿಟ್ಟಿತು.

ಹೆಚ್ಚು ಬಾಳಿದ್ದು 'ಸರ್ವರ್ ಸೈಡ್ ಇನ್‌ಕ್ಲೂಡ್'. ಎನ್‌ಸಿಎಸ್‌ಎ ಸರ್ವರ್‌ನಲ್ಲಿ ಕಾಣಿಸಿಕೊಂಡು ಅಪಾಚೆ ಸರ್ವರ್‌ಗೆ ಬಂದ ಈ ಸೌಲಭ್ಯದಲ್ಲಿ, ಪುಟದೊಳಗಿನ ಒಂದು ಪುಟ್ಟ ಸೂಚನೆಯ ಜಾಗದಲ್ಲಿ ಹೆಡರ್ ಫೈಲನ್ನು ಸರ್ವರ್ ತಂದು ಕೂರಿಸುತ್ತದೆ. ಆ ಸೂಚನೆಗೆ ಷರತ್ತನ್ನೂ ಹಾಕಬಹುದಿತ್ತು. ಕೇಳಿದ ಪುಟದ ವಿಳಾಸವನ್ನು ಪರೀಕ್ಷಿಸಿ ಯಾವ ಫೈಲ್ ತರಬೇಕೆಂದು ತೀರ್ಮಾನಿಸಬಹುದಿತ್ತು. ಅಪಾಚೆಯಲ್ಲಿ ಇನ್ನೂ ನೇರವಾದ ಒಂದು ಏರ್ಪಾಡಿದೆ: ಫೋಲ್ಡರಿನ ಫೈಲುಗಳ ಪಟ್ಟಿ ತೋರಿಸುವಾಗ ಮೇಲ್ಭಾಗದಲ್ಲಿ ಯಾವ ಫೈಲ್ ಬರಬೇಕೆಂದು ಆ ಫೋಲ್ಡರಿನಲ್ಲೇ ಸೂಚಿಸಬಹುದು. ಒಳಫೋಲ್ಡರುಗಳಿಗೂ ಆ ಸೂಚನೆ ಹರಿದು ಬರುತ್ತದೆ. ಫೋಲ್ಡರ್‌ವಾರು ಹೆಡರಿನ ಅತ್ಯಂತ ಸರಳ ರೂಪ ಇದು.

1995ರಲ್ಲಿ ಹೊರಬಂದ ಪಿಎಚ್‌ಪಿ ಇದೇ ಕೆಲಸವನ್ನು ಪೂರ್ಣ ಪ್ರೋಗ್ರಾಮಿಂಗ್ ಭಾಷೆಯ ಮಟ್ಟಕ್ಕೆ ತಂದಿತು. 1997ರಲ್ಲಿ ಬಂದ ಮ್ಯಾಕ್ರೊಮೀಡಿಯಾ ಕಂಪನಿಯ ಡ್ರೀಮ್‌ವೀವರ್, ಪ್ರೋಗ್ರಾಮಿಂಗ್ ಗೊತ್ತಿಲ್ಲದ ವಿನ್ಯಾಸಕಾರರಿಗೂ ಟೆಂಪ್ಲೇಟ್ ಬಳಕೆಯನ್ನು ರೂಢಿ ಮಾಡಿಸಿತು.

ಕೆಲಸ ಮಾಡುವ ಬಗೆ

ಯಾವ ವ್ಯವಸ್ಥೆಯಾದರೂ ಈ ತಂತ್ರಕ್ಕೆ ಮೂರು ಅಂಗ ಬೇಕು. ಮೊದಲನೆಯದು, ಪುಟ ತಾನು ಎಲ್ಲಿದ್ದೇನೆ ಎಂದು ಹೇಳುವ ಮೌಲ್ಯ. ಸಾಮಾನ್ಯವಾಗಿ ಅದು ಪುಟದ ವಿಳಾಸ ಅಥವಾ ಮೂಲ ಫೈಲಿನ ದಾರಿ. ಎರಡನೆಯದು, ಯಾವ ದಾರಿಗೆ ಯಾವ ಹೆಡರ್ ಎಂಬ ನಿಯಮಗಳ ಸಾಲು. ಮೂರನೆಯದು, ಯಾವ ನಿಯಮವೂ ಹೊಂದದಿದ್ದಾಗ ಬರುವ ಡೀಫಾಲ್ಟ್ ಹೆಡರ್. ಮೂರನೆಯದನ್ನು ಮರೆತ ಸೈಟಿನಲ್ಲಿ ಹೊಸ ಫೋಲ್ಡರ್ ಹುಟ್ಟಿದ ದಿನವೇ ಹೆಡರಿಲ್ಲದ ಪುಟವೂ ಹುಟ್ಟುತ್ತದೆ.

ತೀರ್ಮಾನ ಮೂರು ಹೊತ್ತಿನಲ್ಲಿ ಆಗಬಹುದು. ಪುಟವನ್ನು ಕೇಳಿದಾಗ ಸರ್ವರ್ ತೀರ್ಮಾನಿಸುವುದು ಪಿಎಚ್‌ಪಿ, ಜಾಂಗೊ ಮೊದಲಾದವುಗಳ ಪದ್ಧತಿ. ಸೈಟನ್ನು ಕಟ್ಟುವಾಗಲೇ ಎಲ್ಲ ಪುಟಗಳಿಗೂ ಹೆಡರ್ ಕೂರಿಸಿ ಸಿದ್ಧ ಫೈಲುಗಳನ್ನು ಇಡುವುದು ಜೆಕಿಲ್, ಹ್ಯೂಗೊ ಮೊದಲಾದವುಗಳ ಪದ್ಧತಿ. ಓದುಗನ ಬ್ರೌಸರ್‌ನಲ್ಲಿ ಜಾವಾಸ್ಕ್ರಿಪ್ಟ್ ಮೂಲಕ ಬದಲಿಸುವುದು ಮೂರನೆಯದು. ಇದರಲ್ಲಿ ಮೊದಲು ಒಂದು ಹೆಡರ್ ಕಂಡು, ಕ್ಷಣದ ಮೇಲೆ ಇನ್ನೊಂದಾಗಿ ಪುಟ ಜಿಗಿಯುವ ಅಪಾಯವಿದೆ. ನೆಟ್‌ವರ್ಕ್ ದುರ್ಬಲವಾದಷ್ಟೂ ಆ ಜಿಗಿತ ಕಣ್ಣಿಗೆ ರಾಚುತ್ತದೆ.

ವಾರ್ಡ್ ಫೋಲ್ಡರ್: ಒಂದು ಮಾದರಿ

ಬೃಹನ್ಮುಂಬಯಿ ಮಹಾನಗರಪಾಲಿಕೆ 1888ರ ಕಾಯ್ದೆಯಂತೆ ನಡೆಯುವ ಸಂಸ್ಥೆ. ಆಡಳಿತಕ್ಕಾಗಿ ಅದು ನಗರವನ್ನು ದೀರ್ಘಕಾಲ 24 ವಾರ್ಡ್‌ಗಳಾಗಿ ವಿಂಗಡಿಸಿಕೊಂಡಿತ್ತು. ಹೆಸರುಗಳು ಇಂಗ್ಲಿಷ್ ಅಕ್ಷರಗಳು: ಕೊಲಾಬಾ, ಫೋರ್ಟ್ ಕಡೆಯ 'ಎ'ಯಿಂದ ಮುಲುಂಡಿನ 'ಟಿ'ವರೆಗೆ. ನಡುವೆ ಐ, ಜೆ, ಓ, ಕ್ಯೂ ಅಕ್ಷರಗಳಿಲ್ಲ. ದೊಡ್ಡ ವಾರ್ಡ್‌ಗಳನ್ನು ದಿಕ್ಕಿನಿಂದ ಒಡೆಯಲಾಗಿದೆ: ಎಫ್/ಸೌತ್, ಎಫ್/ನಾರ್ತ್, ಎಚ್/ಈಸ್ಟ್, ಕೆ/ವೆಸ್ಟ್, ಆರ್/ಸೆಂಟ್ರಲ್ ಹೀಗೆ.

ಇಂಥ ನಗರಕ್ಕೆ ಪ್ರತಿ ವಾರ್ಡಿಗೂ ಒಂದು ಫೋಲ್ಡರ್ ಇರುವ ಸೈಟನ್ನು ಮಾದರಿಗಾಗಿ ಕಲ್ಪಿಸಿಕೊಂಡರೆ ಮೊದಲ ತೊಡಕು ಹೆಸರಿನಲ್ಲೇ ಎದುರಾಗುತ್ತದೆ. ಎಫ್/ನಾರ್ತ್ ಎಂಬುದರಲ್ಲಿರುವ ಓರೆಗೆರೆ ವೆಬ್ ವಿಳಾಸದಲ್ಲಿ ಫೋಲ್ಡರುಗಳನ್ನು ಬೇರ್ಪಡಿಸುವ ಚಿಹ್ನೆಯೂ ಹೌದು. ಹೆಸರನ್ನು ಇದ್ದಂತೆಯೇ ಬಳಸಿದರೆ 'ಎಫ್' ಎಂಬ ಫೋಲ್ಡರಿನೊಳಗೆ 'ನಾರ್ತ್' ಎಂಬ ಫೋಲ್ಡರ್ ಎಂದು ಸರ್ವರ್ ಓದಿಕೊಳ್ಳುತ್ತದೆ. ಎಫ್ ಎಂಬ ಹೆಸರಿನ ವಾರ್ಡ್ ಕಚೇರಿ ಇಲ್ಲ. ಆ ಮೇಲಿನ ಫೋಲ್ಡರಿಗೆ ಹೋದವನಿಗೆ ತೋರಿಸಲು ಪುಟವೂ ಇಲ್ಲ. ಆದ್ದರಿಂದ ಫೋಲ್ಡರಿಗೆ 'ಎಫ್-ನಾರ್ತ್' ಎಂದು ಅಡ್ಡಗೆರೆಯ ಹೆಸರು ಇಟ್ಟು, ಹೆಡರಿನಲ್ಲಿ ಕಾಣಬೇಕಾದ 'ಎಫ್/ನಾರ್ತ್' ಎಂಬುದನ್ನು ಬೇರೆ ಮಾಹಿತಿಯಾಗಿ ಇಟ್ಟುಕೊಳ್ಳುವುದು ಕ್ರಮ. ಫೋಲ್ಡರಿನ ಹೆಸರನ್ನೇ ಹೆಡರಿನಲ್ಲಿ ಅಚ್ಚು ಮಾಡುವ ಟೆಂಪ್ಲೇಟ್ ಇಲ್ಲಿ ಸೋಲುತ್ತದೆ.

ನಿಯಮಗಳ ಸಾಲು ಹೀಗಿರಬಹುದು:

1. ವಿಳಾಸ '/ವಾರ್ಡ್/ಎಫ್-ನಾರ್ತ್/' ಎಂದು ಶುರುವಾದರೆ: ಎಫ್/ನಾರ್ತ್ ಹೆಡರ್.
2. ವಿಳಾಸ '/ವಾರ್ಡ್/' ಎಂದು ಶುರುವಾದರೆ: ವಾರ್ಡ್‌ಗಳ ಸಾಮಾನ್ಯ ಹೆಡರ್.
3. ವಿಳಾಸ '/ಶಾಲೆ/' ಎಂದು ಶುರುವಾದರೆ: ಶಿಕ್ಷಣ ವಿಭಾಗದ ಹೆಡರ್.
4. ಯಾವುದೂ ಹೊಂದದಿದ್ದರೆ: ಪಾಲಿಕೆಯ ಮುಖ್ಯ ಹೆಡರ್.

ಮೊದಲು ಹೊಂದಿದ ನಿಯಮವೇ ಗೆಲ್ಲುವ ವ್ಯವಸ್ಥೆಯಲ್ಲಿ ಒಂದನೆಯ ಮತ್ತು ಎರಡನೆಯ ಸಾಲನ್ನು ಅದಲು ಬದಲು ಮಾಡಿದರೆ ಎಫ್/ನಾರ್ತ್ ಹೆಡರ್ ಎಂದೂ ಕಾಣಿಸುವುದಿಲ್ಲ, ಏಕೆಂದರೆ ಅದರ ವಿಳಾಸವೂ '/ವಾರ್ಡ್/' ಎಂದೇ ಶುರುವಾಗುತ್ತದೆ. ನಿರ್ದಿಷ್ಟವಾದದ್ದು ಮೇಲೆ, ಸಾಮಾನ್ಯವಾದದ್ದು ಕೆಳಗೆ ಎಂಬುದು ಈ ತಂತ್ರದ ಮೊದಲ ಪಾಠ.

ಎರಡನೆಯ ಪಾಠ ಹೋಲಿಕೆಯ ಬಗೆಯದು. 'ವಿಳಾಸದಲ್ಲಿ ವಾರ್ಡ್ ಎಂಬ ತುಂಡು ಎಲ್ಲಾದರೂ ಇದ್ದರೆ' ಎಂಬ ಸಡಿಲ ಷರತ್ತು 'ಅವಾರ್ಡ್' ಎಂಬ ಪ್ರಶಸ್ತಿಗಳ ಫೋಲ್ಡರಿಗೂ ವಾರ್ಡ್ ಹೆಡರ್ ತೊಡಿಸುತ್ತದೆ. '/ಮುಂಬಯಿ' ಎಂದು ಶುರುವಾಗುವುದನ್ನೆಲ್ಲ ಹಿಡಿಯುವ ಷರತ್ತು '/ಮುಂಬಯಿ-ಉಪನಗರ/' ಎಂಬ ಪಕ್ಕದ ಫೋಲ್ಡರನ್ನೂ ನುಂಗುತ್ತದೆ. ಕೊನೆಯ ಓರೆಗೆರೆಯನ್ನು ಸೇರಿಸಿ '/ಮುಂಬಯಿ/' ಎಂದು ಬರೆದರೆ ಈ ತಪ್ಪು ತಪ್ಪುತ್ತದೆ. ಇಂಗ್ಲಿಷ್ ಹೆಸರುಗಳಲ್ಲಿ ದೊಡ್ಡಕ್ಷರ, ಸಣ್ಣಕ್ಷರದ ಭೇದವೂ ಇದೆ: ಲಿನಕ್ಸ್ ಸರ್ವರ್‌ಗಳಲ್ಲಿ ಅವು ಸಾಮಾನ್ಯವಾಗಿ ಬೇರೆ ಬೇರೆ ಫೋಲ್ಡರುಗಳು, ವಿಂಡೋಸ್‌ನಲ್ಲಿ ಒಂದೇ. ವಿಂಡೋಸ್ ಕಂಪ್ಯೂಟರಿನಲ್ಲಿ ಪರೀಕ್ಷಿಸಿ ಲಿನಕ್ಸ್ ಸರ್ವರ್‌ಗೆ ಏರಿಸಿದ ಸೈಟಿನಲ್ಲಿ ಕೆಲವೇ ಪುಟಗಳ ಹೆಡರ್ ಮಾಯವಾದರೆ ಮೊದಲು ಇದನ್ನು ನೋಡಬೇಕು.

ಮೂರನೆಯ ಪಾಠ, ಇಪ್ಪತ್ತನಾಲ್ಕು ವಾರ್ಡಿಗೆ ಇಪ್ಪತ್ತನಾಲ್ಕು ಷರತ್ತು ಬರೆಯಬಾರದು ಎಂಬುದು. ವಾರ್ಡಿನ ಹೆಸರು, ಕಚೇರಿಯ ವಿಳಾಸ, ದೂರವಾಣಿ ಸಂಖ್ಯೆಗಳನ್ನು ಒಂದು ಮಾಹಿತಿ ಪಟ್ಟಿಯಲ್ಲಿಟ್ಟು, ಫೋಲ್ಡರಿನ ಹೆಸರಿನಿಂದ ಆ ಸಾಲನ್ನು ಹುಡುಕಿ ಒಂದೇ ಹೆಡರಿನಲ್ಲಿ ತುಂಬಿದರೆ ಸಾಕು. ಒಂದು ವಾರ್ಡ್ ಎರಡಾದಾಗ ಪಟ್ಟಿಗೆ ಒಂದು ಸಾಲು ಸೇರುತ್ತದೆ, ಟೆಂಪ್ಲೇಟ್ ಮುಟ್ಟುವ ಅಗತ್ಯ ಬೀಳುವುದಿಲ್ಲ. ಟೆಂಪ್ಲೇಟಿನಲ್ಲಿ ತರ್ಕ ಎಷ್ಟು ಇರಬೇಕು ಎಂಬ ಚರ್ಚೆಗೆ 2004ರಲ್ಲಿ ಟೆರೆನ್ಸ್ ಪಾರ್ ಬರೆದ ಪ್ರಬಂಧ ಖಚಿತ ರೂಪ ಕೊಟ್ಟಿತು: ಪುಟದ ರೂಪವನ್ನೂ ಅದರ ಹಿಂದಿನ ಲೆಕ್ಕಾಚಾರವನ್ನೂ ಕಟ್ಟುನಿಟ್ಟಾಗಿ ಬೇರೆ ಇಡಬೇಕೆಂಬುದು ಅವರ ವಾದ. 2009ರಲ್ಲಿ ಬಂದ ಮಸ್ಟಾಶ್ ಎಂಬ ಟೆಂಪ್ಲೇಟ್ ಭಾಷೆಯಲ್ಲಿ ಮೌಲ್ಯಗಳನ್ನು ಹೋಲಿಸುವ ಷರತ್ತೇ ಇಲ್ಲ. ಅಲ್ಲಿ ಯಾವ ಹೆಡರ್ ಎಂಬುದನ್ನು ಮೊದಲೇ ತೀರ್ಮಾನಿಸಿ ಟೆಂಪ್ಲೇಟಿಗೆ ಕೊಡಬೇಕು.

ಬಳಕೆಯಲ್ಲಿರುವ ವ್ಯವಸ್ಥೆಗಳು

ವರ್ಡ್‌ಪ್ರೆಸ್ (2003): ಥೀಮ್ ವ್ಯವಸ್ಥೆ 2005ರಲ್ಲಿ ಬಂತು. ಮುಖ್ಯ ಹೆಡರ್ ಫೈಲಿನ ಜೊತೆಗೆ ಹೆಸರು ಹೊತ್ತ ಬೇರೆ ಹೆಡರುಗಳನ್ನು ಇಡಬಹುದು. ಕೇಳಿದ ಹೆಸರಿನದು ಸಿಗದಿದ್ದರೆ ವ್ಯವಸ್ಥೆ ತಾನಾಗಿ ಮುಖ್ಯ ಹೆಡರಿಗೆ ಮರಳುತ್ತದೆ. ಇಲ್ಲಿ ವಿಳಾಸದಲ್ಲಿ ಕಾಣುವ ಫೋಲ್ಡರುಗಳು ಸರ್ವರ್‌ನ ಡಿಸ್ಕಿನಲ್ಲಿ ಇರುವುದಿಲ್ಲ. ಡೇಟಾಬೇಸಿನಲ್ಲಿರುವ ತಾಯಿ ಪುಟ, ಮರಿ ಪುಟಗಳ ನಂಟಿನಿಂದ ವಿಳಾಸ ಹಾಗೆ ರೂಪುಗೊಂಡಿರುತ್ತದೆ. 'ಇದು ಈ ಪುಟವೇ' ಎಂದು ಕೇಳುವ ಸಿದ್ಧ ಷರತ್ತು ಮರಿ ಪುಟಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಪೂರ್ವಜ ಪುಟಗಳನ್ನು ಬೇರೆಯಾಗಿ ನೋಡಬೇಕು.

ದ್ರುಪಾಲ್ (2001): ಹೆಡರಿನ ತುಣುಕುಗಳನ್ನು 'ಬ್ಲಾಕ್' ಎಂದು ಇಟ್ಟು, ಯಾವ ವಿಳಾಸಗಳಲ್ಲಿ ಕಾಣಬೇಕು ಅಥವಾ ಕಾಣಬಾರದು ಎಂದು ಆಡಳಿತ ಪರದೆಯಲ್ಲೇ ಬರೆಯಬಹುದು. ನಕ್ಷತ್ರ ಚಿಹ್ನೆ ಹಾಕಿದರೆ ಒಳಗಿನ ಎಲ್ಲ ಪುಟಗಳಿಗೂ ಅನ್ವಯಿಸುತ್ತದೆ. ಪ್ರೋಗ್ರಾಮಿಂಗ್ ಬೇಡ. ಆದರೆ ಷರತ್ತುಗಳು ಒಂದೊಂದು ಬ್ಲಾಕಿನಲ್ಲೂ ಚದುರಿರುವುದರಿಂದ ಒಟ್ಟು ಚಿತ್ರ ಒಂದೇ ಕಡೆ ಸಿಗುವುದಿಲ್ಲ.

ಜಾಂಗೊ (2005): ಅಮೆರಿಕದ ಕಾನ್ಸಾಸ್ ರಾಜ್ಯದ ಲಾರೆನ್ಸ್ ಪಟ್ಟಣದ ದಿನಪತ್ರಿಕೆಯೊಂದರ ವೆಬ್ ವಿಭಾಗದಲ್ಲಿ ಹುಟ್ಟಿದ್ದು. ಇದರ ಟೆಂಪ್ಲೇಟ್‌ಗಳಲ್ಲಿ ತಾಯಿ ಟೆಂಪ್ಲೇಟ್ ಖಾಲಿ ಖಾನೆಗಳನ್ನು ಇಡುತ್ತದೆ, ಮರಿ ಟೆಂಪ್ಲೇಟ್ ತನಗೆ ಬೇಕಾದ ಖಾನೆಯನ್ನಷ್ಟೇ ತುಂಬುತ್ತದೆ. ವಿಭಾಗಕ್ಕೊಂದು ಮರಿ ಟೆಂಪ್ಲೇಟ್ ಮಾಡಿದರೆ ಷರತ್ತಿನ ಸಾಲೇ ಬೇಕಾಗುವುದಿಲ್ಲ.

ಜೆಕಿಲ್ (2008): ಸಂರಚನಾ ಫೈಲಿನಲ್ಲಿ 'ಈ ಫೋಲ್ಡರಿನ ಪುಟಗಳಿಗೆಲ್ಲ ಈ ಮೌಲ್ಯ' ಎಂದು ಬರೆಯುವ ಸೌಲಭ್ಯವಿದೆ. ಎರಡು ನಿಯಮಗಳು ಹೊಂದಿದರೆ ಹೆಚ್ಚು ನಿರ್ದಿಷ್ಟವಾದ ದಾರಿಯದೇ ಗೆಲುವು. ಪುಟ ತನ್ನ ತಲೆಯಲ್ಲೇ ಬೇರೆ ಮೌಲ್ಯ ಬರೆದುಕೊಂಡಿದ್ದರೆ ಅದು ಎಲ್ಲಕ್ಕಿಂತ ಮೇಲು.

ಹ್ಯೂಗೊ (2013): ಮೊದಲ ಹಂತದ ಫೋಲ್ಡರೇ 'ಸೆಕ್ಷನ್'. ಆ ಹೆಸರಿನ ಟೆಂಪ್ಲೇಟ್ ಇದೆಯೇ ಎಂದು ಮೊದಲು ಹುಡುಕಿ, ಇಲ್ಲದಿದ್ದರೆ ಸಾಮಾನ್ಯ ಟೆಂಪ್ಲೇಟಿಗೆ ಹೋಗುತ್ತದೆ.

ಇಲೆವೆಂಟಿ: ಪ್ರತಿ ಫೋಲ್ಡರಿನಲ್ಲೂ ಆ ಫೋಲ್ಡರಿನ ಹೆಸರಿನದೇ ಮಾಹಿತಿ ಫೈಲ್ ಇಡಬಹುದು. ಅದರ ಮೌಲ್ಯಗಳು ಒಳಫೋಲ್ಡರುಗಳಿಗೂ ಇಳಿಯುತ್ತವೆ.

ನೆಕ್ಸ್ಟ್ ಜೆಎಸ್: 2022ರ 13ನೇ ಆವೃತ್ತಿಯಿಂದ ಪ್ರತಿ ಫೋಲ್ಡರಿಗೂ ತನ್ನದೇ ಲೇಔಟ್ ಫೈಲ್ ಇಡಬಹುದು, ಒಳಗಿನ ಲೇಔಟ್ ಹೊರಗಿನದರೊಳಗೆ ಕೂರುತ್ತದೆ. ಹಾಗಾಗಿ ಒಳಫೋಲ್ಡರಿನ ಹೆಡರ್ ಹೊರಗಿನ ಹೆಡರನ್ನು ತೆಗೆದುಹಾಕುವುದಿಲ್ಲ, ಅದರ ಕೆಳಗೆ ಸೇರಿಕೊಳ್ಳುತ್ತದೆ. ಹೊಸಬರು ಎರಡೆರಡು ಹೆಡರ್ ಕಂಡು ಗಾಬರಿಯಾಗುವುದು ಇಲ್ಲಿಯೇ.

ಒಟ್ಟಾರೆ ಪಟ್ಟಿಯಲ್ಲಿ ಒಂದು ನಡೆ ಕಾಣುತ್ತದೆ. ಹಳೆಯ ವ್ಯವಸ್ಥೆಗಳಲ್ಲಿ ಷರತ್ತು ಟೆಂಪ್ಲೇಟಿನ ಒಳಗಿತ್ತು. ಹೊಸವುಗಳಲ್ಲಿ ಫೋಲ್ಡರ್ ಇರುವ ರೀತಿಯೇ ಷರತ್ತು.

ಮುಂಬಯಿಯ ತಾಣಗಳಲ್ಲಿ

ಎರಡು ಜಿಲ್ಲೆಗಳು. 1990ರ ಅಕ್ಟೋಬರ್ 1ರಂದು ಮುಂಬಯಿ ಉಪನಗರ ಜಿಲ್ಲೆ ಬೇರೆಯಾಯಿತು. ಅದರ ಕೇಂದ್ರ ಬಾಂದ್ರಾ. ಕುರ್ಲಾ, ಅಂಧೇರಿ, ಬೊರಿವಲಿ ಅದರ ಮೂರು ತಾಲೂಕುಗಳು. ಮುಂಬಯಿ ನಗರ ಜಿಲ್ಲೆಗೆ ತಾಲೂಕುಗಳೇ ಇಲ್ಲ. 2011ರ ಜನಗಣತಿಯಂತೆ ನಗರ ಜಿಲ್ಲೆಯ ಜನಸಂಖ್ಯೆ 30,85,411, ಉಪನಗರದ್ದು 93,56,962. ಎರಡೂ ಜಿಲ್ಲೆಗಳ ಜಾಲತಾಣಗಳು ನ್ಯಾಷನಲ್ ಇನ್‌ಫರ್ಮ್ಯಾಟಿಕ್ಸ್ ಸೆಂಟರ್ ನಡೆಸುವ ಎಸ್-ತ್ರೀ-ವಾಸ್ ಎಂಬ ಸಿದ್ಧ ಚೌಕಟ್ಟಿನ ಮೇಲೆ ನಿಂತಿವೆ. ಅಚ್ಚು ಒಂದೇ, ಹೆಸರು, ಮೆನು, ಚಿತ್ರ ಬೇರೆ. ಇಲ್ಲಿ ಹೆಡರ್ ಬದಲಾಗುವುದು ಡೊಮೈನ್ ಹೆಸರಿನಿಂದ. ಒಂದು ಜಿಲ್ಲೆಯ ಸೈಟಿನೊಳಗೆ ಬದಲಾಗುವುದು ಭಾಷೆಯಿಂದ: ಇಂಗ್ಲಿಷ್ ಪುಟಗಳ ವಿಳಾಸದಲ್ಲಿ ಭಾಷೆಯ ಕಿರುಸಂಕೇತ ಮೊದಲ ಫೋಲ್ಡರಿನಂತೆ ಬರುತ್ತದೆ. ತಾಲೂಕುಗಳ ಮೆನು ಒಂದು ಜಿಲ್ಲೆಗೆ ಬೇಕು, ಇನ್ನೊಂದಕ್ಕೆ ಬೇಡ. ಹಂಚಿಕೊಂಡ ಅಚ್ಚಿನಲ್ಲಿ ಇಂಥ ಖಾನೆಗೆ 'ಮಾಹಿತಿ ಇದ್ದರೆ ಮಾತ್ರ ತೋರಿಸು' ಎಂಬ ಷರತ್ತು ಅನಿವಾರ್ಯ.

ಎರಡು ರೈಲ್ವೆಗಳು. 1951ರ ನವೆಂಬರ್ 5ರಂದು ರೂಪುಗೊಂಡ ಮಧ್ಯ ರೈಲ್ವೆ ಮತ್ತು ಪಶ್ಚಿಮ ರೈಲ್ವೆ ಎರಡರ ಕೇಂದ್ರ ಕಚೇರಿಯೂ ಮುಂಬಯಿಯಲ್ಲೇ, ಒಂದು ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ನಲ್ಲಿ, ಇನ್ನೊಂದು ಚರ್ಚ್‌ಗೇಟಿನಲ್ಲಿ. ಭಾರತೀಯ ರೈಲ್ವೆಯ ವಲಯಗಳ ತಾಣಗಳು ಒಂದೇ ಅಚ್ಚಿನವು. ವಲಯದ ಹೆಸರು ಉಪಡೊಮೈನ್‌ನಲ್ಲಿದೆ. ಒಳಪುಟಗಳ ವಿಳಾಸದಲ್ಲಿ ಫೋಲ್ಡರಿನ ಬದಲು ಅಲ್ಪವಿರಾಮದಿಂದ ಬೇರ್ಪಟ್ಟ ಅಂಕಿಗಳ ಸರಪಳಿ ಕಾಣುತ್ತದೆ. ಭಾಷೆಗೆ 0, 1 ಎಂಬ ಸಂಕೇತ. ಆ ಸರಪಳಿಯೇ ಇಲ್ಲಿ ಫೋಲ್ಡರ್ ಮರ: ಮೊದಲ ಅಂಕಿಗಳು ಮೇಲಿನ ವಿಭಾಗ, ನಂತರದವು ಒಳವಿಭಾಗ. ಯಂತ್ರಕ್ಕೆ ಇದು ಸಾಕು, ವಿಳಾಸ ನೋಡಿದ ಮನುಷ್ಯನಿಗೆ ಮಾತ್ರ ಏನೂ ತಿಳಿಯದು.

ಮಹಾನಗರಪಾಲಿಕೆ. ಎಸ್‌ಎಪಿ ಪೋರ್ಟಲ್ ತಂತ್ರಾಂಶದ ಮೇಲೆ ನಡೆದ ಪಾಲಿಕೆಯ ತಾಣದಲ್ಲಿ ಭಾಷೆಯ ಆಯ್ಕೆ ಫೋಲ್ಡರಾಗಿರದೆ ಪ್ರಶ್ನೆಚಿಹ್ನೆಯ ನಂತರದ ಮೌಲ್ಯವಾಗಿ ಬರುತ್ತಿತ್ತು. ಇಂಥ ವಿಳಾಸಗಳಲ್ಲಿ ದಾರಿಯನ್ನಷ್ಟೇ ನೋಡುವ ಷರತ್ತು ಕೆಲಸಕ್ಕೆ ಬಾರದು; ಪ್ರಶ್ನೆಚಿಹ್ನೆಯ ನಂತರದ ಭಾಗವನ್ನೂ ಓದಬೇಕು.

ರೆಡಿಫ್. 1996ರಲ್ಲಿ ಮುಂಬಯಿಯಿಂದ ಶುರುವಾದ ಈ ಪೋರ್ಟಲ್‌ನಲ್ಲಿ ಸುದ್ದಿ, ಕ್ರಿಕೆಟ್, ಹಣಕಾಸು, ಸಿನಿಮಾ ವಿಭಾಗಗಳು ವಿಳಾಸದ ಮೊದಲ ಫೋಲ್ಡರುಗಳಾಗಿ ಬಂದವು. ಸುದ್ದಿಯ ಪುಟಗಳಲ್ಲಿ ಅದರ ಕೆಳಗೆ ವರ್ಷ, ತಿಂಗಳ ಫೋಲ್ಡರುಗಳು. ಓದುಗನಿಗೆ ಯಾವ ವಿಭಾಗ, ಯಾವ ಕಾಲ ಎರಡೂ ವಿಳಾಸದಲ್ಲೇ ತಿಳಿಯುವ ಹಂಚಿಕೆ ಇದು. ಸುದ್ದಿ ತಾಣಗಳಿಗೆ ಫೋಲ್ಡರ್‌ವಾರು ಹೆಡರ್ ಚೆನ್ನಾಗಿ ಒಗ್ಗುವುದಕ್ಕೆ ಕಾರಣವೂ ಇಲ್ಲಿದೆ: ಒಂದು ವರದಿ ಪ್ರಕಟವಾದ ಮೇಲೆ ಅದರ ವಿಭಾಗವಾಗಲಿ ತಿಂಗಳಾಗಲಿ ಬದಲಾಗುವುದಿಲ್ಲ.

ವಿದ್ಯಾಸಂಸ್ಥೆಗಳು. 1958ರಲ್ಲಿ ಶುರುವಾದ ಐಐಟಿ ಬಾಂಬೆಯಲ್ಲಿ ವಿಭಾಗಗಳಿಗೆ ಉಪಡೊಮೈನ್‌ಗಳಿವೆ, ಅವುಗಳ ಕೆಳಗೆ ಅಧ್ಯಾಪಕರ ಸ್ವಂತ ಪುಟಗಳು ಅಲೆಗೆರೆಯ ಚಿಹ್ನೆ ಹೊತ್ತ ಫೋಲ್ಡರುಗಳಲ್ಲಿ. ಯುನಿಕ್ಸ್ ಕಾಲದ ಈ ಪದ್ಧತಿಯಲ್ಲಿ ಆ ಫೋಲ್ಡರಿನೊಳಗೆ ಸಂಸ್ಥೆಯ ಹೆಡರ್ ಬಲವಂತವಾಗಿ ಬರುವುದಿಲ್ಲ. ಪುಟದ ಮಾಲೀಕನದೇ ರೂಪ. ಹೆಡರ್ ಎಲ್ಲಿ ನಿಲ್ಲಬೇಕು ಎಂದು ತೀರ್ಮಾನಿಸುವುದೂ ಈ ತಂತ್ರದ ಭಾಗವೇ.

ಒಂದು ಊರು, ಹಲವು ಮರಗಳು

ಫೋಲ್ಡರ್ ಮರದಲ್ಲಿ ಒಂದು ಪುಟಕ್ಕೆ ಒಬ್ಬಳೇ ತಾಯಿ. ಮುಂಬಯಿಯ ಒಂದು ಬಡಾವಣೆಗೆ ಹಾಗಲ್ಲ. ಮಾಟುಂಗ ಆಡಳಿತದಲ್ಲಿ ಎಫ್/ನಾರ್ತ್ ವಾರ್ಡ್, ಕಂದಾಯದಲ್ಲಿ ಮುಂಬಯಿ ನಗರ ಜಿಲ್ಲೆ. ಮಾಟುಂಗ ನಿಲ್ದಾಣ ಮಧ್ಯ ರೈಲ್ವೆಯದು, ಮಾಟುಂಗ ರೋಡ್ ಪಶ್ಚಿಮ ರೈಲ್ವೆಯದು. ಪಾಲಿಕೆಯ ಚುನಾವಣೆಗೆ ಬೇರೆಯೇ ವಾರ್ಡ್‌ಗಳಿವೆ, ಒಟ್ಟು 227, ಅಕ್ಷರದ ಬದಲು ಅಂಕಿಯಿಂದ ಗುರುತು. ವಿಧಾನಸಭೆಗೆ ನಗರ ಜಿಲ್ಲೆಯಲ್ಲಿ 10, ಉಪನಗರದಲ್ಲಿ 26 ಕ್ಷೇತ್ರಗಳು. 'ವಾರ್ಡ್' ಎಂಬ ಒಂದೇ ಹೆಸರಿನ ಫೋಲ್ಡರಿನಲ್ಲಿ ಆಡಳಿತದ ವಾರ್ಡ್‌ಗಳನ್ನೂ ಚುನಾವಣೆಯ ವಾರ್ಡ್‌ಗಳನ್ನೂ ಇಟ್ಟರೆ ಹೆಡರಿನ ಷರತ್ತು ಎರಡನ್ನೂ ಬೆರೆಸಿಬಿಡುತ್ತದೆ.

ಹೀಗಾಗಿ ಹಂಚಿಕೆಯಲ್ಲಿ ಅನುಭವಿಗಳು ಒಂದು ಭೇದ ಮಾಡುತ್ತಾರೆ. ಪುಟವನ್ನು ಯಾರು ನಿರ್ವಹಿಸುತ್ತಾರೋ, ತಪ್ಪಿದ್ದರೆ ಯಾರಿಗೆ ದೂರು ಹೋಗಬೇಕೋ ಆ ಘಟಕಕ್ಕೆ ಫೋಲ್ಡರ್. ಪುಟ ಯಾವುದರ ಬಗ್ಗೆ ಎಂಬುದಕ್ಕೆ ಟ್ಯಾಗ್. ಕೊಳಾಯಿ ನೀರಿನ ಸಮಯದ ಪುಟ ವಾರ್ಡ್ ಕಚೇರಿಯದಾದರೆ ವಾರ್ಡ್ ಫೋಲ್ಡರಿನಲ್ಲಿ. ಅದಕ್ಕೆ 'ನೀರು', 'ಮಾಟುಂಗ' ಟ್ಯಾಗ್‌ಗಳು. ಒಂದು ಪುಟಕ್ಕೆ ಎಷ್ಟು ಟ್ಯಾಗ್ ಬೇಕಾದರೂ ಇರಬಹುದು, ಹೆಡರ್ ಮಾತ್ರ ಒಂದೇ.

ಸಂಘಸಂಸ್ಥೆಗಳ ಸಣ್ಣ ಸೈಟ್‌ಗಳಿಗೂ ಇದು ಅನ್ವಯಿಸುತ್ತದೆ. 1926ರಲ್ಲಿ ಹುಟ್ಟಿದ ಮಾಟುಂಗದ ಮೈಸೂರು ಅಸೋಸಿಯೇಷನ್ 'ನೇಸರು' ಮಾಸಪತ್ರಿಕೆಯನ್ನೂ ನಡೆಸುತ್ತದೆ. ಇಂಥ ಸಂಸ್ಥೆಯ ಸೈಟಿನಲ್ಲಿ ಪತ್ರಿಕೆಗೆ ತನ್ನದೇ ಹೆಸರು, ಸಂಪಾದಕ ಬಳಗ, ಸಂಚಿಕೆಗಳ ಪಟ್ಟಿ ಇರುವುದರಿಂದ ಅದಕ್ಕೆ ಬೇರೆ ಫೋಲ್ಡರ್, ಬೇರೆ ಹೆಡರ್ ಸಮಂಜಸ. ನಾಟಕ, ಉಪನ್ಯಾಸ, ಕ್ರೀಡೆ ಎಂಬ ಕಾರ್ಯಕ್ರಮದ ಬಗೆಗಳಿಗೆ ಟ್ಯಾಗ್ ಸಾಕು.

ಭಾಷೆ ಮತ್ತು ಲಿಪಿ

ಮುಂಬಯಿ ಪಾಲಿಕೆಯ ಶಾಲೆಗಳು ಮರಾಠಿ, ಹಿಂದಿ, ಉರ್ದು, ಇಂಗ್ಲಿಷ್, ಗುಜರಾತಿ, ತಮಿಳು, ತೆಲುಗು, ಕನ್ನಡ ಮಾಧ್ಯಮಗಳಲ್ಲಿ ನಡೆದಿವೆ. ಇಂಥ ವಿಭಾಗಕ್ಕೆ ಭಾಷೆಗೊಂದು ಫೋಲ್ಡರ್ ಮಾಡಿದರೆ ಹೆಡರಿನಲ್ಲಿ ಬದಲಾಗಬೇಕಾದದ್ದು ಪದಗಳು ಮಾತ್ರವಲ್ಲ. ಪುಟದ ಭಾಷಾ ಸಂಕೇತ ಬದಲಾಗಬೇಕು, ಇಲ್ಲದಿದ್ದರೆ ಪುಟವನ್ನು ಓದಿ ಹೇಳುವ ತಂತ್ರಾಂಶ ಕನ್ನಡವನ್ನು ಮರಾಠಿಯ ಉಚ್ಚಾರದಲ್ಲಿ ಓದಲು ಹೋಗುತ್ತದೆ. ಉರ್ದುವಿಗೆ ಬಲದಿಂದ ಎಡಕ್ಕೆ ಸಾಗುವ ದಿಕ್ಕು ಬೇಕು. ಲೋಗೊ ಮತ್ತು ಮೆನುವಿನ ಜಾಗ ಅದಲು ಬದಲಾಗುತ್ತದೆ. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಇಂಗ್ಲಿಷಿಗೆ ಅಳತೆ ಮಾಡಿದ ಪಟ್ಟಿಯ ಎತ್ತರ ಸಾಲದೆ ಅಕ್ಷರದ ಬುಡ ಕತ್ತರಿಸಿಹೋಗಬಹುದು.

ಫೋಲ್ಡರಿನ ಹೆಸರನ್ನೇ ಕನ್ನಡದಲ್ಲಿ ಇಡಬಹುದೇ? ತಾಂತ್ರಿಕವಾಗಿ ಆಗುತ್ತದೆ, ಆದರೆ ಷರತ್ತು ಬರೆಯುವವರು ಎರಡು ವಿಷಯ ನೋಡಿಕೊಳ್ಳಬೇಕು. ವಿಳಾಸದಲ್ಲಿ ಕನ್ನಡದ ಪ್ರತಿ ಸಂಕೇತವೂ ಮೂರು ಬೈಟ್ ಆಗಿ, ಪ್ರತಿ ಬೈಟ್ ಶೇಕಡಾ ಚಿಹ್ನೆ ಹೊತ್ತ ಮೂರು ಅಕ್ಷರವಾಗಿ ಹಿಗ್ಗುತ್ತದೆ. ಐದು ಸಂಕೇತಗಳ 'ಕನ್ನಡ' ಎಂಬ ಪದ 45 ಅಕ್ಷರ ಆಗುತ್ತದೆ. ಷರತ್ತಿನಲ್ಲಿ ಕನ್ನಡ ಪದವನ್ನು ಬರೆದು, ಹೋಲಿಸುವ ವಿಳಾಸ ಹಿಗ್ಗಿದ ರೂಪದಲ್ಲಿದ್ದರೆ ಎರಡೂ ಎಂದೂ ಹೊಂದುವುದಿಲ್ಲ. ಇನ್ನೊಂದು, ಯೂನಿಕೋಡ್‌ನಲ್ಲಿ 'ಕೊಲಾಬಾ' ಎಂಬುದರ ಒ-ಕಾರವನ್ನು ಒಂದೇ ಸಂಕೇತವಾಗಿಯೂ ಎರಡು ಸಂಕೇತಗಳ ಜೋಡಿಯಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ. ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರಬೇಕು. 'ಮುಂಬಯಿ', 'ಮುಂಬೈ' ಎಂಬ ಎರಡು ಬರವಣಿಗೆಗಳಲ್ಲಿ ಯಾವುದು ಫೋಲ್ಡರ್ ಎಂದು ಮೊದಲೇ ಗೊತ್ತುಮಾಡಿಕೊಂಡು, ಇನ್ನೊಂದರಿಂದ ಬಂದವರನ್ನು ಅಲ್ಲಿಗೆ ತಿರುಗಿಸಬೇಕು.

ಎಲ್ಲರಿಗೂ ಎಟುಕುವಂತೆ

ವೆಬ್ ವಿಷಯ ಎಲ್ಲರಿಗೂ ಎಟುಕಬೇಕೆಂಬ ಅಂತರರಾಷ್ಟ್ರೀಯ ಮಾರ್ಗಸೂಚಿಯ (ಡಬ್ಲ್ಯುಸಿಎಜಿ) 2.0 ಆವೃತ್ತಿ 2008ರ ಡಿಸೆಂಬರ್‌ನಲ್ಲಿ ಬಂತು. ಹಲವು ಪುಟಗಳಲ್ಲಿ ಮರುಕಳಿಸುವ ಮೆನು ಅದೇ ಅನುಕ್ರಮದಲ್ಲಿ ಇರಬೇಕು, ಮರುಕಳಿಸುವ ಭಾಗವನ್ನು ದಾಟಿ ನೇರ ವಿಷಯಕ್ಕೆ ಹೋಗುವ ದಾರಿ ಇರಬೇಕು ಎಂದು ಅದು ಹೇಳುತ್ತದೆ. ಫೋಲ್ಡರ್‌ವಾರು ಹೆಡರ್ ಮಾಡುವವರು ಮೊದಲು ಮುರಿಯುವುದು ಈ ಎರಡನ್ನೇ. ಒಂದು ಫೋಲ್ಡರಿನಲ್ಲಿ ಹುಡುಕುವ ಪೆಟ್ಟಿಗೆ ಬಲಗಡೆ, ಇನ್ನೊಂದರಲ್ಲಿ ಎಡಗಡೆ ಇದ್ದರೆ, ಪರದೆಯನ್ನು ಹಿಗ್ಗಿಸಿ ಒಂದು ಮೂಲೆಯನ್ನಷ್ಟೇ ನೋಡುವ ದೃಷ್ಟಿಮಾಂದ್ಯದ ಬಳಕೆದಾರ ದಾರಿ ತಪ್ಪುತ್ತಾನೆ. ಹೆಸರು, ಬಣ್ಣ, ವಿಭಾಗದ ಉಪಮೆನು ಬದಲಾಗಲಿ. ಮುಖ್ಯ ಮೆನುವಿನ ಜಾಗ ಮತ್ತು ಕ್ರಮ ಅಲುಗದಿರಲಿ ಎಂಬುದು ಒಪ್ಪಿತ ನಡೆ.

ಭಾರತ ಸರ್ಕಾರದ ಜಾಲತಾಣಗಳ ಮಾರ್ಗಸೂಚಿ 2009ರಲ್ಲಿ ಮೊದಲು ಬಂತು, ಅದರ 3.0 ಆವೃತ್ತಿ 2023ರದು. ತಾಣ ಯಾವ ಇಲಾಖೆಗೆ ಸೇರಿದ್ದು ಎಂಬುದು ಮುಖಪುಟದಲ್ಲಿ ಮಾತ್ರವಲ್ಲದೆ ಮುಖ್ಯ ಒಳಪುಟಗಳಲ್ಲೂ ತಿಳಿಯಬೇಕೆಂಬುದು ಅದರ ಆಶಯ. ಹುಡುಕು ಯಂತ್ರದಿಂದ ನೇರ ಒಳಪುಟಕ್ಕೆ ಬರುವವರೇ ಹೆಚ್ಚಿರುವಾಗ ಇದಕ್ಕೆ ಅರ್ಥವಿದೆ. ಉಪನಗರದ ಕಂದಾಯ ಪುಟವನ್ನು ನಗರ ಜಿಲ್ಲೆಯದೆಂದು ತಿಳಿದು ಅರ್ಜಿ ಹಿಡಿದುಕೊಂಡು ಹೋದವನು ಬಾಂದ್ರಾಕ್ಕೆ ಹೋಗಬೇಕಾದಲ್ಲಿ ಫೋರ್ಟಿಗೆ ಹೋಗುತ್ತಾನೆ.

ವೇಗ ಮತ್ತು ಭದ್ರತೆ

ಫೋಲ್ಡರಿನೊಳಗೆ ಸೂಚನೆಯ ಫೈಲ್ ಇಡುವ ಅಪಾಚೆ ಪದ್ಧತಿಯಲ್ಲಿ, ಪ್ರತಿ ಬಾರಿ ಪುಟ ಕೇಳಿದಾಗಲೂ ಸರ್ವರ್ ಮೇಲಿನ ಫೋಲ್ಡರುಗಳಲ್ಲೆಲ್ಲ ಅಂಥ ಫೈಲ್ ಇದೆಯೇ ಎಂದು ನೋಡುತ್ತದೆ. ಸಣ್ಣ ಸೈಟಿಗೆ ಇದು ಲೆಕ್ಕಕ್ಕಿಲ್ಲ, ಜನ ಮುಗಿಬೀಳುವ ಸೈಟಿಗೆ ಹೊರೆ. ಪುಟವನ್ನು ಪೂರ್ತಿ ಕ್ಯಾಶ್ ಮಾಡಿದರೆ, ಅಂದರೆ ಸಿದ್ಧ ಪ್ರತಿಯಾಗಿ ಉಳಿಸಿಟ್ಟರೆ, ಹೆಡರ್ ಬದಲಾದಾಗ ಇಡೀ ಫೋಲ್ಡರಿನ ಪುಟಗಳನ್ನು ಮತ್ತೆ ಕಟ್ಟಬೇಕು. 2001ರಲ್ಲಿ ಅಕಮೈ ಮತ್ತು ಒರಾಕಲ್ ಸೇರಿ ಮುಂದಿಟ್ಟ 'ಎಡ್ಜ್ ಸೈಡ್ ಇನ್‌ಕ್ಲೂಡ್' ಹೆಡರನ್ನೂ ಪುಟವನ್ನೂ ಬೇರೆ ಬೇರೆಯಾಗಿ ಕ್ಯಾಶ್ ಮಾಡಿ, ಓದುಗನಿಗೆ ಹತ್ತಿರದ ಸರ್ವರ್‌ನಲ್ಲಿ ಜೋಡಿಸುವ ದಾರಿ ತೋರಿಸಿತು.

ಭದ್ರತೆಯಲ್ಲಿ ಮುಖ್ಯವಾದ ತಪ್ಪು ಒಂದೇ: ವಿಳಾಸದಲ್ಲಿ ಬಂದ ತುಂಡನ್ನು ಪರೀಕ್ಷಿಸದೆ ಹೆಡರ್ ಫೈಲಿನ ಹೆಸರಾಗಿ ಬಳಸುವುದು. ಹಾಗೆ ಮಾಡಿದರೆ ಎರಡು ಚುಕ್ಕಿಯ ದಾರಿ ಬರೆದು ಸರ್ವರ್‌ನ ಬೇರೆ ಫೈಲುಗಳನ್ನು ಹೊರತೆಗೆಯಲು ಅಥವಾ ಹೊರಗಿನ ಪ್ರೋಗ್ರಾಮನ್ನು ಓಡಿಸಲು ದಾಳಿಕೋರನಿಗೆ ದಾರಿಯಾಗುತ್ತದೆ. ಪಿಎಚ್‌ಪಿ 5.2ರಿಂದ ಹೊರಗಿನ ವಿಳಾಸದ ಫೈಲನ್ನು ಒಳಸೇರಿಸುವ ಅನುಮತಿಯನ್ನು ಬೇರೆ ಮಾಡಿ, ಡೀಫಾಲ್ಟ್ ಆಗಿ ಮುಚ್ಚಿಟ್ಟಿತು. ಒಪ್ಪಿತ ಫೋಲ್ಡರುಗಳ ಪಟ್ಟಿಯೊಂದನ್ನು ಇಟ್ಟುಕೊಂಡು, ಪಟ್ಟಿಯಲ್ಲಿಲ್ಲದ್ದಕ್ಕೆಲ್ಲ ಡೀಫಾಲ್ಟ್ ಹೆಡರ್ ಕೊಡುವುದೇ ಸರಿಯಾದ ಕ್ರಮ.

ಮಿತಿಗಳು ಮತ್ತು ಈಚಿನ ನಡೆ

ಪ್ರತಿ ವಿಭಾಗವೂ ತನಗೊಂದು ಹೆಡರ್ ಬೇಕೆಂದು ಕೇಳುವುದು ಸಹಜ. ಹಾಗೆ ಕೊಡುತ್ತ ಹೋದರೆ ಸೈಟ್ ಒಂದಾಗಿ ಕಾಣುವುದು ನಿಲ್ಲುತ್ತದೆ, ಷರತ್ತುಗಳು ಒಂದನ್ನೊಂದು ಕಡಿಯುತ್ತವೆ, ಪರೀಕ್ಷಿಸಬೇಕಾದ ಪುಟಗಳು ಹೆಚ್ಚುತ್ತವೆ. ಕೇಂದ್ರ ಸರ್ಕಾರದ ತಾಣಗಳಿಗೆ ಒಂದೇ ಚಹರೆ ಕೊಡಲು 2025ರಲ್ಲಿ ಬಂದ ಡಿಜಿಟಲ್ ಬ್ರ್ಯಾಂಡ್ ಐಡೆಂಟಿಟಿ ಮ್ಯಾನ್ಯುಯಲ್ ಬಣ್ಣ, ಅಕ್ಷರರೂಪ, ಲೋಗೊಗಳ ಬಳಕೆಯನ್ನು ಗೊತ್ತುಮಾಡಿತು. ಹೆಡರ್ ವಿಷಯದಲ್ಲಿ ಇಂದಿನ ಒಲವು ಬದಲಾವಣೆಯನ್ನು ಕಡಿಮೆ ಮಾಡಿ, ಬದಲಾಗುವುದನ್ನು ಮಾಹಿತಿ ಪಟ್ಟಿಗೆ ಒಪ್ಪಿಸುವ ಕಡೆಗಿದೆ.

ಫೋಲ್ಡರ್‌ವಾರು ಹೆಡರ್ ಬೇಕೇ ಬೇಡವೇ ಎಂದು ತೀರ್ಮಾನಿಸಲು ಮೂರು ಪ್ರಶ್ನೆ ಸಾಕಾಗುತ್ತವೆ. ಆ ಫೋಲ್ಡರಿಗೆ ಬೇರೆ ಹೊಣೆಗಾರರಿದ್ದಾರೆಯೇ? ಅಲ್ಲಿನ ಓದುಗನಿಗೆ ಬೇರೆ ಮೆನು ಅಥವಾ ಬೇರೆ ಭಾಷೆ ಬೇಕೇ? ಆ ವಿಂಗಡಣೆ ಇನ್ನು ಕೆಲವು ವರ್ಷ ಹಾಗೆಯೇ ಉಳಿಯುತ್ತದೆಯೇ? ಮುಂಬಯಿ ಉಪನಗರ ಜಿಲ್ಲೆ ಮೂರಕ್ಕೂ ಹೌದು ಎನ್ನುತ್ತದೆ. ಎಫ್/ನಾರ್ತ್ ವಾರ್ಡ್ ಮೊದಲನೆಯದಕ್ಕೆ ಹೌದು ಎನ್ನುತ್ತದೆ, ಉಳಿದವುಗಳಿಗೆ ಅರೆಮನಸ್ಸಿನಿಂದ; ಅದಕ್ಕೆ ಸಾಮಾನ್ಯ ವಾರ್ಡ್ ಹೆಡರಿನಲ್ಲಿ ಹೆಸರು ತುಂಬಿದರೆ ಸಾಕು. ಗಣೇಶೋತ್ಸವದ ಹತ್ತು ದಿನಗಳ ಮಾಹಿತಿ ಪುಟಗಳು ಮೂರನೆಯ ಪ್ರಶ್ನೆಯಲ್ಲೇ ಬೀಳುತ್ತವೆ. ಅವಕ್ಕೆ ಹೆಡರ್ ಬದಲಿಸುವ ಬದಲು ಪುಟದೊಳಗೆ ಒಂದು ಸೂಚನೆ ಪಟ್ಟಿ ಹಾಕಿ, ಹಬ್ಬ ಮುಗಿದ ಮೇಲೆ ತೆಗೆಯಬಹುದು.